ನಂಬರಿನ ಹುಡುಗಿ

ಕಳೆದ ಚುನಾವಣೆಯ ದಿನ, ಬಿಸಿಲೇರುವ ಮೊದಲೇ ವೋಟು ಹಾಕಿ ಬಂದುಬಿಡೋಣವೆಂದು ಶಿರಸಿಯ ನಮ್ಮ ಬೀದಿಯ ಶಾಲೆಗೆ ಹೋಗಿದ್ದೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಒಳಗೆ ಯಾರೋ ಯಂತ್ರಕ್ಕೆ ಮೊಹರು ಹಾಕುತ್ತಿದ್ದರು. ಮೇಣದಬತ್ತಿಯ ಮೇಲೆ ಹಿಡಿದ ಅರಗು ಕರಗಿ, ಅದರ ವಾಸನೆ ಕಿಟಕಿಯಿಂದ ಹೊರಗೆ ಬಂತು. ನನ್ನ ಹಿಂದೆ ನಿಂತವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಎದೆಯಲ್ಲಿ ಸಣ್ಣಗೆ ಉರಿಯಿತು. ಹತ್ತೊಂಬತ್ತು ವರ್ಷದವಳಿದ್ದಾಗ ಯಲ್ಲಾಪುರದಲ್ಲಿ ಒಂದು ಇಡೀ ಬೇಸಿಗೆಯನ್ನು ನಾನು ಈ ವಾಸನೆಯ ನಡುವೆಯೇ ಕಳೆದಿದ್ದೆ. ಹೆಸರು ಗೊತ್ತಿಲ್ಲದ, ಮುಖ ಕಾಣದ ಒಬ್ಬಳ ಮೇಲೆ ಹೊಟ್ಟೆಕಿಚ್ಚು ಪಡುತ್ತ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಎಸ್.ಎಸ್.ಎಲ್.ಸಿ. ಎಂದು ಸರಕಾರ ಹೇಳಿದರೂ ಜನರ ಬಾಯಲ್ಲಿ ಅದು ಇನ್ನೂ ಮ್ಯಾಟ್ರಿಕ್ಕೇ. ನನ್ನ ಗಂಡ ಯಲ್ಲಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಧಾರವಾಡದಲ್ಲಿ ಬಿ.ಎ. ಮಾಡಿ ಬಂದ ಹೊಸ ಮಾಸ್ತರು, ಬಿಳಿ ಅಂಗಿ, ಬಿಳಿ ಧೋತರ, ಕಿಸೆಯಲ್ಲಿ ಎರಡು ಪೆನ್ನು. ನಮ್ಮ ಮದುವೆಯಾಗಿ ಆಗ ಒಂದು ವರ್ಷ ತುಂಬಿರಲಿಲ್ಲ. ನನ್ನ ತವರು ಸಿದ್ದಾಪುರ ಸೀಮೆಯ ಹೆಗ್ಗರಣೆಯ ಕಡೆ. ಸಿದ್ದಾಪುರದಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದು ಹೈಸ್ಕೂಲು ಓದುತ್ತಿದ್ದವಳನ್ನು, ಮ್ಯಾಟ್ರಿಕ್ ಪರೀಕ್ಷೆಗೆ ಒಂದು ವರ್ಷ ಇರುವಾಗ, ಮಾಸ್ತರಿಕೆಯ ಒಳ್ಳೇ ಸಂಬಂಧ ಬಂತೆಂದು ಅಪ್ಪಯ್ಯ ಬಿಡಿಸಿ ಕರೆದುಕೊಂಡು ಹೋಗಿದ್ದರು. ಆಗಿನ ಕಾಲಕ್ಕೆ ಅದೇನೂ ದೊಡ್ಡ ಮಾತಲ್ಲ. ನಾನೂ ದೊಡ್ಡದು ಮಾಡಲಿಲ್ಲ.

ಯಲ್ಲಾಪುರದಲ್ಲಿ ನಮ್ಮದು ಹುಬ್ಬಳ್ಳಿ ರಸ್ತೆಗೆ ಮುಖ ಮಾಡಿದ ಬಾಡಿಗೆ ಮನೆ. ಮುಂದೊಂದು ಕೋಣೆ, ನಡುವೆ ಒಂದು, ಹಿಂದೆ ಅಡುಗೆಮನೆ, ಹಿತ್ತಿಲಲ್ಲಿ ಬಾವಿ. ಮರದ ದಿಮ್ಮಿ ಹೇರಿದ ಲಾರಿಗಳು ಹೋದಾಗ ಮುಂದಿನ ಕೋಣೆಯ ಕಿಟಕಿ ಗಡಗಡ ನಡುಗುತ್ತಿತ್ತು. ಆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅಂಚೆಯವನು ಒಬ್ಬ ಹಮಾಲನ ತಲೆಯ ಮೇಲೆ ದೊಡ್ಡ ಗಂಟೊಂದನ್ನು ಹೊರಿಸಿಕೊಂಡು ಬಂದ. ಬಿಳಿ ದಪ್ಪ ಬಟ್ಟೆ, ಸುತ್ತಲೂ ಹೊಲಿಗೆ, ಹೊಲಿಗೆಯ ಮೇಲೆ ಅಲ್ಲಲ್ಲಿ ಕೆಂಪು ಅರಗಿನ ಮುದ್ರೆ. ಅದರೊಳಗೆ ಬೇರೆ ಯಾವುದೋ ಜಿಲ್ಲೆಯ ಮಕ್ಕಳು ಬರೆದ ಕನ್ನಡ ಉತ್ತರಪತ್ರಿಕೆಗಳು. ನನ್ನ ಗಂಡನನ್ನು ಆ ವರ್ಷ ಪರೀಕ್ಷಕರನ್ನಾಗಿ ಮಾಡಿದ್ದರು. ಯಲ್ಲಾಪುರದ ಶಾಲೆಯಿಂದ ಆ ಗೌರವ ಸಿಕ್ಕ ಮೊದಲಿಗರು ಇವರೇ.

ಗಂಟು ಬಂದ ಸುದ್ದಿ ತಿಳಿದು ಹೆಡ್ ಮಾಸ್ತರು ದೇಸಾಯರು ಖುದ್ದಾಗಿ ಬಂದರು. ಹಾವೇರಿ ಕಡೆಯವರು, ದೊಡ್ಡ ದನಿಯ ಮನುಷ್ಯ. ಗಂಟನ್ನು ದೇವರ ಮೂರ್ತಿಯಂತೆ ಮುಟ್ಟಿ ನೋಡಿ, "ನಮ್ಮ ಸಾಲಿಗೆ ಮರ್ಯಾದಿ ತಂದ್ರಿ ನೋಡ್ರಿ ಹೆಗಡೇರ. ಈ ವಯಸ್ಸಿನಾಗ ಇದು ಯಾರಿಗೂ ಸಿಗೂದಿಲ್ಲ," ಎಂದರು. ಇವರು ತಲೆ ತಗ್ಗಿಸಿ ನಕ್ಕರು. ಕಿವಿ ಕೆಂಪಗಾಗಿತ್ತು. ಮದುವೆಯ ದಿನ ಕೂಡ ಅವರ ಕಿವಿ ಅಷ್ಟು ಕೆಂಪಾದದ್ದನ್ನು ನಾನು ಕಂಡಿರಲಿಲ್ಲ.

ಅಂದಿನಿಂದ ಮುಂದಿನ ಕೋಣೆ ನನ್ನದಲ್ಲದಾಯಿತು. ಬೆಳಗಿನ ಚಾ ಕುಡಿದು ಇವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಊಟಕ್ಕೆ ಕರೆಯುವವರೆಗೆ ಹೊರಗೆ ಬರುತ್ತಿರಲಿಲ್ಲ. ಉತ್ತರಪತ್ರಿಕೆ ಪರೀಕ್ಷಕನ ಕಣ್ಣಲ್ಲದೆ ಬೇರೆ ಯಾರ ಕಣ್ಣಿಗೂ ಬೀಳಬಾರದೆಂದು ನಿಯಮ. ಇವರು ನಿಯಮವೆಂದರೆ ನಿಯಮ ಎನ್ನುವವರು. ನನಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಮೊದಲ ದಿನ, "ಒಟ್ಟು ಕೂಡಿಸುದಾದ್ರೂ ಆನು ಮಾಡಿ ಕೊಡ್ತೆ," ಎಂದೆ.

"ಬ್ಯಾಡ," ಎಂದರು. "ಅದು ಬೇರೆಯವರ ಮಕ್ಕಳ ಹಣೆಬರಹ. ತಪ್ಪಿದ್ರೆ ನನ್ನ ಕೈಯಿಂದಲೇ ತಪ್ಪವು."

ಚಾ ಕೊಡಲು ಹೋದಾಗ ಬಾಗಿಲಿನ ಸಂದಿಯಿಂದ ಕೈ ಮಾತ್ರ ಹೊರಗೆ ಬರುತ್ತಿತ್ತು. ಬೆರಳ ತುದಿಯಲ್ಲಿ ಕೆಂಪು ಶಾಯಿ. ಇದೇ ಕೈ ತಿಂಗಳ ಹಿಂದಷ್ಟೇ ಸಂಜೆ ಹೊತ್ತು ಹಿತ್ತಿಲಲ್ಲಿ ನನ್ನ ಜೊತೆ ಬಾವಿಯ ಹಗ್ಗ ಎಳೆಯುತ್ತಿತ್ತು. ಈಗ ಅದಕ್ಕೆ ನನ್ನ ಗುರುತೇ ಇಲ್ಲದಂತೆ ಲೋಟ ತೆಗೆದುಕೊಂಡು ಮರೆಯಾಗುತ್ತಿತ್ತು.

ಊರಲ್ಲಿ ಇವರ ಬೆಲೆ ಒಮ್ಮೆಲೆ ಏರಿತು. ಕಿರಾಣಿ ಅಂಗಡಿಯವನು ನನ್ನನ್ನು ಕಂಡರೆ ಬೇರೆ ಗಿರಾಕಿಗಳನ್ನು ಬಿಟ್ಟು ಸಕ್ಕರೆ ತೂಗುತ್ತಿದ್ದ. ಒಂದು ದಿನ ಮಂಚೀಕೇರಿ ಕಡೆಯಿಂದ ಒಬ್ಬ ಮನುಷ್ಯ ಜೇನುತುಪ್ಪದ ಬಾಟಲಿ ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತ. "ಮಾಸ್ತರೇ, ನಮ್ಮ ಹುಡುಗ ಈ ಸಲನಾದ್ರೂ ಪಾಸಾಗ್ಲಿ. ನಿಮ್ಮ ಕೈಲಿದೆ."

ಇವರು ಅವನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂತು ತಿಳಿಸಿ ಹೇಳಿದರು. "ನಿಮ್ಮ ಹುಡುಗನ ಪೇಪರು ಯಾವ ಊರಿಗೆ ಹೋಗಿದೆಯೋ ದೇವರಿಗೇ ಗೊತ್ತು. ನಮ್ಮ ಜಿಲ್ಲೆಯದನ್ನು ನಮಗೆ ಕೊಡುವುದಿಲ್ಲ. ನನ್ನ ಹತ್ತಿರ ಬಂದದ್ದರ ಮೇಲೂ ಹೆಸರಿಲ್ಲ, ಊರಿಲ್ಲ. ಬರೀ ನಂಬರು. ನನ್ನ ಸ್ವಂತ ತಮ್ಮ ಬರೆದಿದ್ದರೂ ನನಗೆ ಗೊತ್ತಾಗುವುದಿಲ್ಲ."

ಆತ ನಂಬಲಿಲ್ಲ. ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುವಾಗ, ಕೊಟ್ಟದ್ದು ಕಡಿಮೆಯಾಯಿತೇನೋ ಎಂಬ ಮುಖ ಮಾಡಿಕೊಂಡು ಹೋದ.

ಊಟಕ್ಕೆ ಕೂತಾಗಲೂ ಇವರ ಮನಸ್ಸು ಕೋಣೆಯಲ್ಲೇ. ಆದರೆ ಹಾಗೆ ಕೂತೇ ಒಂದೊಂದು ಸಲ ಆ ಕೆಲಸದ ಬಗೆಯನ್ನು ಹೇಳುತ್ತಿದ್ದರು. ಪಾಸಾಗಲು ಮೂವತ್ತೈದು ಬೇಕು. ಮೂವತ್ತರೊಳಗೆ ಬಂದರೆ ಚಿಂತೆಯಿಲ್ಲ, ನಲವತ್ತು ದಾಟಿದರೂ ಇಲ್ಲ. ಮೂವತ್ಮೂರು ಬಂದರೆ ಸಂಕಟ. ಅಂಥ ಪೇಪರು ಸಿಕ್ಕಾಗ ಇವರು ಬಾಗಿಲು ತೆರೆದು ಹಿತ್ತಿಲಿಗೆ ಬಂದು ಬಾವಿಯ ಸುತ್ತ ತಿರುಗುತ್ತಿದ್ದರು. ಎಲ್ಲಾದರೂ ಎರಡು ಮಾರ್ಕು ತಪ್ಪಿ ಕಡಿಮೆ ಕೊಟ್ಟೆನೋ ಎಂದು ಮತ್ತೆ ಹೋಗಿ ಮೊದಲಿನಿಂದ ಓದುತ್ತಿದ್ದರು. ಸಿಕ್ಕರೆ ಮಾವಿನಕಾಯಿಯ ಅಪ್ಪೆಹುಳಿಯನ್ನು ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ಸಿಗದಿದ್ದರೆ ಮಜ್ಜಿಗೆ ಅನ್ನ ತಿಂದು ಏಳುತ್ತಿದ್ದರು. ನಾನು ಬಡಿಸುತ್ತ ಆ ಮಕ್ಕಳನ್ನು ನೆನೆಯುತ್ತಿದ್ದೆ. ಎಲ್ಲೋ ಆಟವಾಡಿಕೊಂಡಿರುವ ಅವರಿಗೆ, ತಮ್ಮ ಎರಡು ಮಾರ್ಕಿಗಾಗಿ ಯಲ್ಲಾಪುರದಲ್ಲಿ ಒಬ್ಬರು ಬಾವಿ ಸುತ್ತುತ್ತಿದ್ದಾರೆಂದು ಗೊತ್ತಿರಲಿಲ್ಲ. ನನಗಾಗಿ ಯಾರೂ ಯಾವ ಬಾವಿಯನ್ನೂ ಸುತ್ತಿರಲಿಲ್ಲ.

ಅಷ್ಟಾದರೂ ಅದು ಬರೀ ಬೇಸರವೇ. ಹೊಟ್ಟೆಕಿಚ್ಚು ಹತ್ತಿದ್ದು ಆಮೇಲೆ.

ಒಂದು ಬೆಳಿಗ್ಗೆ ನಾನು ಹಲಸಿನಕಾಯಿ ಹೆಚ್ಚುತ್ತ ಕೂತಿದ್ದೆ. ಕೈಗೆ ಎಣ್ಣೆ, ಮೇಣ. ಮುಂದಿನ ಕೋಣೆಯ ಬಾಗಿಲು ಧಡಕ್ಕನೆ ತೆರೆಯಿತು. ಇವರು ಅಡುಗೆಮನೆಗೇ ಬಂದುಬಿಟ್ಟರು. ಕೈಯಲ್ಲಿ ಪೇಪರಿಲ್ಲ, ಆದರೆ ಮುಖದಲ್ಲಿ ದೀಪ ಹಚ್ಚಿದಂತಿತ್ತು.

"ಕೇಳು," ಎಂದರು. "ಶಾಲೆಗೆ ಹೋಗುವ ದಾರಿ ಹೇಳಿ ಪ್ರಬಂಧ. ಎಲ್ಲರೂ ಗಿಡಮರ, ಹಕ್ಕಿ, ಸೂರ್ಯ ಹೇಳಿ ಬರದ್ದ. ಇದು ನೋಡು, ಎಂತ ಬರದ್ದು." ಕಣ್ಣು ಮುಚ್ಚಿ ನೆನಪಿನಿಂದ ಹೇಳಿದರು: "ಮಳೆಗಾಲದಲ್ಲಿ ನಮ್ಮ ಹೊಳೆ ಶಾಲೆಗೆ ರಜೆ ಕೊಡುತ್ತದೆ. ಬೇಸಿಗೆಯಲ್ಲಿ ಅದೇ ಹೊಳೆ ನಮ್ಮ ಕಾಲು ತೊಳೆದು ಶಾಲೆಗೆ ಕಳಿಸುತ್ತದೆ."

ನಾನು ಹಲಸಿನ ಇನ್ನೊಂದು ಹೋಳು ಎಳೆದುಕೊಂಡೆ.

"ಎಷ್ಟು ಚೊಲೋ ಬರದ್ದು ಅದು!" ಎಂದರು. "ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ. ಹೊಳೆ ದಾಟಿ ಶಾಲೆಗೆ ಹೋಪದು, ಪಾಪ."

ನಮ್ಮ ಮನೆಮಾತಿನಲ್ಲಿ "ಎಂದು" ಎನ್ನಲು "ಹೇಳಿ" ಎನ್ನುವಂತೆ ಹೆಂಗಸರಿಗೂ "ಅದು" ಎಂದೇ ಹೇಳುವುದು. ಅಕ್ಕ ಬಂತು, ಆಯಿ ಹೇಳಿತು, ಕೂಸು ಬರದ್ದು. ಕೂಸು ಎಂದರೆ ಹುಡುಗಿ. ಇವರ ಬಾಯಿಂದ "ಅದು" ಎಂದು ಬಿದ್ದ ಕೂಡಲೇ ನನ್ನ ಕಣ್ಣೆದುರು ಒಬ್ಬ ಹುಡುಗಿ ಬಂದು ನಿಂತಳು. ಎರಡು ಜಡೆ, ಮಂಡಿಯವರೆಗೆ ಎತ್ತಿ ಹಿಡಿದ ಲಂಗ, ಹೊಳೆಯ ನೀರಿನಲ್ಲಿ ಬೆಳ್ಳಗೆ ಕಾಣುವ ಪಾದ. ನನ್ನ ಕೈಯ ಮೇಣ ಅಂಟಿಕೊಂಡು ಚೂರಿ ಮೇಲೇಳಲಿಲ್ಲ.

"ಚೊಲೋ ಇದ್ದು," ಎಂದೆ. ಚೆನ್ನಾಗಿಯೇ ಇತ್ತು. ಅದೇ ನನ್ನ ಸಂಕಟ. ಕೆಟ್ಟದಾಗಿದ್ದರೆ ನಕ್ಕುಬಿಡಬಹುದಿತ್ತು.

ಅಂದಿನಿಂದ ಅವಳು ನಮ್ಮ ಮನೆಯಲ್ಲಿ ಮೂರನೆಯವಳಾದಳು. ಊಟದ ನಡುವೆ ಇವರು, "ಪತ್ರಲೇಖನ ಮಾತ್ರ ಸಾಧಾರಣ ಬರದ್ದು, ಪ್ರಬಂಧದ ಗತ್ತೇ ಬೇರೆ," ಎನ್ನುತ್ತಿದ್ದರು. ಯಾರದು ಎಂದು ಹೇಳುವ ಅಗತ್ಯವೇ ಇರಲಿಲ್ಲ. ಸಂಜೆ ಜಗಲಿಯಲ್ಲಿ ಕೂತಾಗ, "ಅಂಥದಕ್ಕೆ ಮುಂದೆ ಓದಲೆ ಅನುಕೂಲ ಇದ್ದೋ ಇಲ್ಯೋ," ಎಂದು ರಸ್ತೆ ನೋಡುತ್ತಿದ್ದರು. ಸಿದ್ದಾಪುರದ ಶಾಲೆಯಲ್ಲಿ ನನ್ನ ಪ್ರಬಂಧವನ್ನೂ ಮಾಸ್ತರು ಒಮ್ಮೆ ತರಗತಿಗೆ ಓದಿ ಹೇಳಿದ್ದರು. ಅದನ್ನು ಇವರಿಗೆ ಹೇಳಬೇಕೆಂದು ಬಾಯವರೆಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡೆ. ಕೇಳಿದರೆ ಹೇಳಬೇಕು; ಕೇಳದೆ ಹೇಳಿದರೆ ಅದು ಭಿಕ್ಷೆ.

ಒಂದು ಮಧ್ಯಾಹ್ನ ಹಳೇ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನಾನೂ ಬರೆಯಲು ಕೂತೆ. ಶಾಲೆಗೆ ಹೋಗುವ ದಾರಿ. ಪೆನ್ಸಿಲು ಹಿಡಿದು ಎಷ್ಟು ಹೊತ್ತಾದರೂ ನನ್ನ ದಾರಿಯಲ್ಲಿ ಗಿಡಮರ, ಹಕ್ಕಿ, ಸೂರ್ಯನೇ ಬಂದವು. ಬೇಡವೆಂದು ತಳ್ಳಿದರೆ ಅವಳ ಹೊಳೆ ಬಂದು ನನ್ನ ಹಾಳೆಯ ಮೇಲೆ ಹರಿಯಿತು. ಆ ಹಾಳೆಯನ್ನು ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿದೆ.

ಆಮೇಲೆ ಮೇ ತಿಂಗಳಲ್ಲಿ ಧಾರವಾಡದಿಂದ ಕರೆ ಬಂತು. ಪರೀಕ್ಷಕರು ನೋಡಿದ ಪೇಪರುಗಳಲ್ಲಿ ಕೆಲವನ್ನು ಮೇಲಿನ ಪರೀಕ್ಷಕರು ಮತ್ತೊಮ್ಮೆ ನೋಡಿ, ಹೆಚ್ಚು ಕೊಟ್ಟಿದ್ದರೆ ಇಳಿಸಿ, ಕಡಿಮೆ ಕೊಟ್ಟಿದ್ದರೆ ಏರಿಸಿ, ಹಸಿರು ಶಾಯಿಯಲ್ಲಿ ಬರೆಯುತ್ತಾರೆ. ಒಬ್ಬರ ಕೈ ಬಿಗಿ, ಒಬ್ಬರ ಕೈ ಸಡಿಲ ಆಗಬಾರದೆಂದು ಈ ಏರ್ಪಾಟು. ಅತಿ ಹೆಚ್ಚು ಬಂದ ಪೇಪರುಗಳನ್ನು ಕಡ್ಡಾಯವಾಗಿ ತೋರಿಸಬೇಕು. ಹೊರಡುವ ದಿನ ಇವರು ಕೋಟು ಇಸ್ತ್ರಿ ಮಾಡಿಸಿದರು. ಕನ್ನಡಿಯ ಮುಂದೆ ನಿಂತು, "ಇಳಿಸಲೆ ಬಿಡ್ತ್ನಿಲ್ಲೆ. ವಾದ ಮಾಡಿಯೇ ಬರ್ತೆ," ಎಂದರು.

ಬಸ್ಸಿಗೆ ಕೈಬೀಸಲು ನಾನು ಜಗಲಿಗೆ ಬರಲಿಲ್ಲ. ಮದುವೆಯಲ್ಲಿ ನನ್ನ ಕಡೆಯವರಿಗೂ ಇವರ ಕಡೆಯವರಿಗೂ ಊಟದ ಪಂಕ್ತಿಯ ವಿಷಯಕ್ಕೆ ಮಾತು ಬಂದಾಗ ಇವರು ಒಂದು ಶಬ್ದ ಆಡಿರಲಿಲ್ಲ. ಈಗ ಯಾರೋ ಒಂದು ನಂಬರಿನ ಹುಡುಗಿಗಾಗಿ ಕೋಟು ಹಾಕಿಕೊಂಡು ಧಾರವಾಡಕ್ಕೆ ಜಗಳಕ್ಕೆ ಹೊರಟಿದ್ದರು.

ಮರುದಿನ ಸಂಜೆ ತಿರುಗಿ ಬಂದಾಗ ಕೋಟು ಹೆಗಲ ಮೇಲಿತ್ತು, ಮುಖ ಬಾಡಿತ್ತು. ಕಾಲು ತೊಳೆದು ಬಂದು ಮುರುಗಲ ಹಣ್ಣಿನ ಪಾನಕದ ಲೋಟ ಹಿಡಿದುಕೊಂಡು ಕೂತರು. "ಹದಿನಾಕಕ್ಕೆ ಇಳಿಸಿದ," ಎಂದರು. "ಉಪಸಂಹಾರ ಇಲ್ಲೆ ಹೇಳಿ. ಪೀಠಿಕೆಗೆ ಇಷ್ಟು, ವಿಷಯಕ್ಕೆ ಇಷ್ಟು, ಉಪಸಂಹಾರಕ್ಕೆ ಇಷ್ಟು ಹೇಳಿ ಕಾಗದದಲ್ಲಿ ಬರೆದು ಇಟ್ಟಿದ್ದ. ಗಂಟೆ ಹೊಡೆದಿರವು, ಕಡೇ ಪ್ಯಾರಾ ಬರೆಯಲೆ ಆಯ್ದಿಲ್ಲೆ. ಅಂಥ ಹೊಳೆ ಬರೆದ ಮೇಲೆ ಉಪಸಂಹಾರ ಎಂತಕ್ಕೆ ಬೇಕು? ಎಷ್ಟು ಹೇಳಿದ್ರೂ ಕೇಳಿದ್ವಿಲ್ಲೆ."

ನನಗೆ ಒಳಗೊಳಗೇ ಹಬ್ಬದ ಅಡುಗೆ ಉಂಡಷ್ಟು ಸಂತೋಷವಾಯಿತು. ಆ ಸಂತೋಷವೇ ನಾಲಿಗೆಯನ್ನು ಸಡಿಲ ಮಾಡಿತು.

"ಆ ಕೂಸಿಗೆ ನಾಕು ಮಾರ್ಕು ಕಡಿಮೆ ಆದ್ರೆ ಈ ಮನೇಲಿ ಎಂತಕ್ಕೆ ಸೂತಕ?" ಎಂದೆ.

"ಯಾವ ಕೂಸು?"

"ಹೊಳೆ ದಾಟುವ ಕೂಸು. ತಿಂಗಳಿಂದ ಅದರದ್ದೇ ಮಾತು. ಅದು ಬರದ್ದು, ಅದು ಬರದ್ದು."

ಇವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ನಿಜವಾಗಿ ತಿಳಿಯದ ಮುಖ. "ಕೂಸು ಹೇಳಿ ಯಾರು ಹೇಳಿದ? ಆನು ಅದು ಹೇಳಿದ್ದು ಪೇಪರಿಗೆ. ನಂಬರಿಗೆ. ಹೆಸರೇ ಇಲ್ಲದ ಮೇಲೆ ಅವ ಹೇಳುದಾ, ಅದು ಹೇಳುದಾ? ಮೀಸೆ ಬಂದ ಮಾಣಿ ಇದ್ದಿಕ್ಕು. ಐದನೇ ಸಲ ಕೂತ ಗಂಡಸು ಇದ್ದಿಕ್ಕು."

ನನ್ನ ಎರಡು ಜಡೆಯ ಹುಡುಗಿ ಹೊಳೆಯ ನಡುವೆಯೇ ಮೀಸೆ ಬಿಟ್ಟುಕೊಂಡು ನಿಂತಳು. ನಗು ತಡೆಯಲಾಗಲಿಲ್ಲ. ಇವರೂ ನಕ್ಕರು. ಧಾರವಾಡದ ಬೇಸರವೆಲ್ಲ ಆ ನಗುವಿನಲ್ಲಿ ಹೋಯಿತೆಂದುಕೊಂಡು ಅವರು ಪಾನಕ ಮುಗಿಸಿದರು. ನಗು ನಿಂತ ಮೇಲೆ ನಾನು ಹುಡುಕಿ ನೋಡಿಕೊಂಡೆ. ಕಿಚ್ಚು ಇದ್ದಲ್ಲೇ ಇತ್ತು, ಒಂದಿಷ್ಟೂ ಆರಿರಲಿಲ್ಲ. ಹುಡುಗಿಯಾದರೇನು, ಹುಡುಗನಾದರೇನು? ಆ ಬರವಣಿಗೆಯನ್ನು ಇವರು ಓದಿದ ರೀತಿಯಲ್ಲಿ ನನ್ನನ್ನು ಯಾರೂ ಓದಿರಲಿಲ್ಲ. ಓದಿಸಲು ನನ್ನದೆಂದು ಏನೂ ಇರಲೂ ಇಲ್ಲ.

"ಯಂಗೂ ಮ್ಯಾಟ್ರಿಕ್ ಕಟ್ಟವು," ಎಂದೆ. ನಾನೂ ಪರೀಕ್ಷೆ ಕಟ್ಟಬೇಕು. ಶಾಲೆಗೆ ಹೋಗದೆ ಹೊರಗಿನ ಅಭ್ಯರ್ಥಿಯಾಗಿ ಕೂರಬಹುದೆಂದು ನನಗೆ ಗೊತ್ತಿತ್ತು.

ಇವರ ನಗು ನಿಂತಿತು. ಎದ್ದು ಹಿತ್ತಿಲಿಗೆ ಹೋದರು. ಅಡುಗೆಮನೆಯ ಬಾಗಿಲಿನಿಂದ ನೋಡಿದೆ: ಬಾವಿಯ ಸುತ್ತ ಒಂದು ಸುತ್ತು, ಮತ್ತೊಂದು ಸುತ್ತು. ನಾನು ಓದುವುದು ಇವರಿಗೆ ಇಷ್ಟವಿಲ್ಲವೆಂದುಕೊಂಡೆ. ಒಳಗೆ ಬಂದು, "ಅಡ್ಡಿಲ್ಲೆ. ಕಟ್ಟು," ಎಂದಷ್ಟೇ ಹೇಳಿದರು.

ಬಾವಿ ಸುತ್ತಿದ್ದು ಯಾಕೆಂದು ತಿಳಿದದ್ದು ಮಳೆಗಾಲ ಕಳೆದ ಮೇಲೆ. ಪರೀಕ್ಷೆಯ ಅರ್ಜಿಗೆ ಹೆಡ್ ಮಾಸ್ತರ ಸಹಿ ಬೇಕಾಗಿತ್ತು. ನಾನೇ ಶಾಲೆಗೆ ಹೋದೆ. ದೇಸಾಯರು ಸಹಿ ಮಾಡಿ, ಅರ್ಜಿಯನ್ನು ಕೈಯಲ್ಲೇ ಹಿಡಿದುಕೊಂಡು, "ನೋಡ್ರಿ ತಂಗಿ, ಮನಸ್ಸಿಟ್ಟು ಓದ್ರಿ," ಎಂದರು. "ಹೆಗಡೇರು ನಿಮ್ಮ ಸಲುವಾಗಿ ದೊಡ್ಡದನ್ನ ಬಿಟ್ಟಾರ."

"ಏನನ್ನು ಬಿಟ್ಟಿದ್ದಾರೆ?"

"ಹೇಳಿಲ್ಲೇನು ನಿಮಗ? ಮನಿ ಮಂದಿ ಪರೀಕ್ಷಾಕ್ಕ ಕುಂತ್ರ ಆ ವರ್ಷ ಪೇಪರ್ ತಪಾಸು ಮಾಡೂ ಹಂಗಿಲ್ಲ. ನಿಮ್ಮ ಪೇಪರ್ ಅವರ ಕೈಗೆ ಬರೂದೇ ಇಲ್ಲ, ಆದ್ರೂ ಕಾಯ್ದೆ ಅಂದ್ರ ಕಾಯ್ದೆ. ಮೊನ್ನೆನ ಬರದು ಕೊಟ್ಟ್ರು. ಈ ವರ್ಷ ಭಟ್ಟರ ಹೆಸರು ಕಳಸೀನಿ."

ಭಟ್ಟರು ಅದೇ ಶಾಲೆಯ ಇನ್ನೊಬ್ಬ ಕನ್ನಡ ಮಾಸ್ತರು, ಇವರಿಗಿಂತ ಕಿರಿಯರು, ನಮ್ಮ ಬೀದಿಯ ಕೊನೆಯ ಮನೆಯವರು. ನಾನು ಮನೆಗೆ ಬಂದು, "ಯಂಗೆ ಪರೀಕ್ಷೆ ಬ್ಯಾಡ. ಮುಂದಿನ ವರ್ಷ ನೋಡನ," ಎಂದೆ.

ಇವರು ತಲೆ ಎತ್ತದೆ, "ಬೀಜಗಣಿತದ ಪುಸ್ತಕ ತಗಂಬಾ," ಎಂದರು.

ಆ ಚಳಿಗಾಲದಷ್ಟು ಕಷ್ಟದ ದಿನಗಳನ್ನು ನಾನು ಆ ಮನೆಯಲ್ಲಿ ಕಂಡಿಲ್ಲ. ಇವರು ಗಂಡನಾಗಿ ಎಷ್ಟು ಮೃದುವೋ ಮಾಸ್ತರಾಗಿ ಅಷ್ಟೇ ಬಿರುಸು. ಬೆಳಿಗ್ಗೆ ಗಣಿತ, ಸಂಜೆ ಇತಿಹಾಸ, ಇಂಗ್ಲಿಷು. ಕನ್ನಡಕ್ಕೆ ಮಾತ್ರ ಹೆಚ್ಚು ಹೊತ್ತು ಕೊಡಲಿಲ್ಲ, ಅದು ನಿನಗೆ ಬರುತ್ತದೆ ಎಂದರು. ಒಂದೇ ಮಾತು ಪ್ರತಿ ವಾರ ಹೇಳುತ್ತಿದ್ದರು: "ಉಪಸಂಹಾರ ಬಿಡಡ. ಗಂಟೆ ಹೊಡೆಯುವ ಮೊದಲೇ ಬರೆದು ಮುಗಿಸು. ಅದಕ್ಕೆ ಮಾರ್ಕು ಬೇರೆಯೇ ಇಟ್ಟಿರ್ತ." ನೀರು ಸೇದಲು ಬರುವ ಹೆಂಗಸರು, ಮಾಸ್ತರ ಹೆಂಡತಿಯೇ ನಪಾಸಾದರೆ ಮಾಸ್ತರು ಶಾಲೆಯಲ್ಲಿ ಮುಖ ತೋರಿಸುವುದು ಹೇಗೆ ಎಂದು ನನಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಅದೇ ಭಯ ನನ್ನನ್ನು ಎಬ್ಬಿಸುತ್ತಿತ್ತು, ಅದೇ ಕೂರಿಸುತ್ತಿತ್ತು.

ಪರೀಕ್ಷೆ ಶಿರಸಿಯಲ್ಲಿ. ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಹೋಗಿ ಬರೆದೆ. ಲಂಗ ದಾವಣಿಯ ಹುಡುಗಿಯರ ನಡುವೆ ಸೀರೆಯುಟ್ಟು ಕೂತವಳು ನಾನೊಬ್ಬಳೇ. ಮೇಲ್ವಿಚಾರಕರು ಮೊದಲ ದಿನ ನನ್ನನ್ನು ಯಾರನ್ನೋ ಬಿಡಲು ಬಂದ ಅಕ್ಕನೆಂದು ತಿಳಿದು ಹೊರಗೆ ಹೋಗಲು ಹೇಳಿದರು. ಕನ್ನಡದ ದಿನ ಪ್ರಬಂಧಕ್ಕೆ ಕೊಟ್ಟ ಮೂರು ವಿಷಯಗಳಲ್ಲಿ ಒಂದು, ಬಸ್ ಪ್ರಯಾಣ. ಅದನ್ನು ಕಂಡ ಕೂಡಲೇ ನನ್ನ ಕೈ ತಾನಾಗಿ ಹೊರಟಿತು.

ಆಮೇಲೆ ಮತ್ತೆ ಏಪ್ರಿಲ್. ಅದೇ ಅಂಚೆಯವನು, ಅದೇ ಹಮಾಲ, ಅರಗಿನ ಮುದ್ರೆಯ ಗಂಟು. ಈ ಸಲ ನಮ್ಮ ಮನೆಯನ್ನು ದಾಟಿ ಭಟ್ಟರ ಮನೆಗೆ ಹೋಯಿತು. ಜಗಲಿಯಲ್ಲಿ ಕೂತಿದ್ದ ಇವರು ಅದು ಬೀದಿಯ ಕೊನೆ ಮುಟ್ಟುವವರೆಗೂ ಕಣ್ಣು ಕೀಳಲಿಲ್ಲ.

ಆ ಬೇಸಿಗೆ ಹೊಟ್ಟೆಕಿಚ್ಚಿನ ಸರದಿ ಅವರದು. ಪೇಟೆಗೆ ಹೋಗಲು ಭಟ್ಟರ ಮನೆಯ ಮುಂದಿನ ನೇರ ದಾರಿ ಬಿಟ್ಟು, ಸುತ್ತು ಬಳಸಿ ಮಾರುಕಟ್ಟೆಯ ಹಿಂದಿನಿಂದ ಹೋಗುತ್ತಿದ್ದರು. ಭಟ್ಟರು ಎದುರಾಗಿ, "ಹೆಗಡೇರೇ, ಒಂದು ಸಂಶಯ ಇದ್ದು," ಎಂದರೆ, "ನಿಯಮ ಪುಸ್ತಕ ನೋಡು," ಎಂದು ಹೇಳಿ ಬರುತ್ತಿದ್ದರು. ಮನೆಗೆ ಬಂದು, "ಅವಂಗೆ ಹಳಗನ್ನಡದ ಗಂಧವೇ ಇಲ್ಲೆ, ಅವ ಎಂತ ಪೇಪರ್ ನೋಡ್ತ," ಎನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾಯಿತು, ಮಜ್ಜಿಗೆ ಹುಳಿಯಾಯಿತು, ಬಾವಿಯ ಹಗ್ಗ ಹಳತಾಯಿತು. ಕಿರಾ‌ಣಿ ಅಂಗಡಿಯವನು ಈಗ ಭಟ್ಟರ ಹೆಂಡತಿಗೆ ಮೊದಲು ಸಕ್ಕರೆ ತೂಗುತ್ತಿದ್ದ. ಅದನ್ನು ನಾನು ಹೇಳಲಿಲ್ಲ, ಇವರೇ ನೋಡಿಕೊಂಡು ಬಂದರು. ಒಂದೇ ಒಂದು ಸಲವೂ, ನಿನ್ನಿಂದಾಗಿ ಹೀಗಾಯಿತು ಎಂದು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಮುಂದಿನ ವರ್ಷ, ಅದರ ಮುಂದಿನ ವರ್ಷವೂ ಗಂಟು ಭಟ್ಟರ ಮನೆಗೇ ಹೋಯಿತು. ಒಮ್ಮೆ ಬಿಟ್ಟ ಜಾಗಕ್ಕೆ ಇವರನ್ನು ಮತ್ತೆ ಯಾರೂ ಕರೆಯಲಿಲ್ಲ.

ಫಲಿತಾಂಶ ಪತ್ರಿಕೆಯಲ್ಲಿ ಬಂದದ್ದು ಮೊದಲ ಮಳೆಯ ಮರುದಿನ. ಹುಬ್ಬಳ್ಳಿಯ ಬಸ್ಸಿನಲ್ಲಿ ಪತ್ರಿಕೆಯ ಕಟ್ಟು ಬರುವುದನ್ನು ಕಾಯುತ್ತ ಇವರು ಬೆಳಿಗ್ಗೆಯೇ ಬಸ್ ನಿಲ್ದಾಣಕ್ಕೆ ಹೋಗಿದ್ದರು. ಓಡುತ್ತ ಬಂದರು. ಧೋತರಕ್ಕೆ ಕೆಸರು ಹಾರಿತ್ತು. ಸಣ್ಣ ಅಕ್ಷರದ ಸಾಲು ಸಾಲು ನಂಬರುಗಳ ನಡುವೆ ನನ್ನದಿತ್ತು. ಎರಡನೇ ದರ್ಜೆ. ಇವರು ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು, ನಿಂತುಕೊಂಡೇ ಒಂದು ಚೊಂಬು ನೀರು ಕುಡಿದರು. ದೇಸಾಯರು ಪೇಢೆ ತಂದರು. ನೀರು ಸೇದಲು ಬಂದ ಹೆಂಗಸರಿಗೆ ನಾನೇ ಕರೆದು ಕರೆದು ಕೊಟ್ಟೆ.

ಅಂಕಪಟ್ಟಿ ಶಾಲೆಗೆ ಬಂದದ್ದು ಕೆಲವು ವಾರಗಳ ನಂತರ. ಇವರು ಮಧ್ಯಾಹ್ನ ಅದನ್ನು ಹಿಡಿದುಕೊಂಡು ಬಂದಾಗ ಮುಖ ಸಿಂಡರಿಸಿಕೊಂಡಿದ್ದರು. "ಕನ್ನಡಕ್ಕೆ ಬರೀ ಐವತ್ತೆಂಟು. ಯಾವನವ, ಯಾವ ಊರಿನವ ನೋಡಿದ್ದು? ಕಣ್ಣಿದ್ದಾ ಇಲ್ಯಾ ಅವಂಗೆ?" ಎಂದು ಜಗಲಿಯಲ್ಲೇ ಕೂಗಾಡಿದರು. ಆಮೇಲೆ ಪಕ್ಕದಲ್ಲಿ ಕೂತು, "ಪ್ರಬಂಧ ಎಂತ ಬರದಿದ್ದೆ? ನೆನಪಿದ್ದಾ? ಹೇಳು," ಎಂದರು.

ಶಬ್ದ ಶಬ್ದವೂ ನೆನಪಿತ್ತು. ಹೇಳಿದೆ. ಸಿದ್ದಾಪುರದಲ್ಲಿ ಶಾಲೆ ಬಿಡಿಸಿದ ದಿನ ಅಪ್ಪಯ್ಯನ ಜೊತೆ ಊರಿಗೆ ತಿರುಗಿ ಹೋದ ಬಸ್ಸಿನ ಕತೆ ಅದು. ಪುಸ್ತಕದ ಟ್ರಂಕನ್ನು ಮೇಲೆ ಕಟ್ಟಲು ಜಾಗವಿಲ್ಲವೆಂದು ಕಂಡಕ್ಟರು ಅದನ್ನು ನನ್ನ ಸೀಟಿನ ಹತ್ತಿರವೇ ನಿಲ್ಲಿಸಿದ್ದ. "ಶಾಲೆಗೆಂದು ಹೋಗುವಾಗ ನಾನು ಕಿಟಕಿಯ ಪಕ್ಕದಲ್ಲಿ ಕೂತಿದ್ದೆ. ತಿರುಗಿ ಬರುವಾಗ ಟ್ರಂಕಿನ ಪಕ್ಕದಲ್ಲಿ ಕೂತಿದ್ದೆ. ಘಟ್ಟದ ತಿರುವುಗಳಲ್ಲಿ ಅದು ನನ್ನ ಮೇಲೆ ವಾಲುತ್ತಿತ್ತು. ನಾನು ಅದನ್ನು ಹಿಡಿದುಕೊಂಡಿದ್ದೆ." ಹೀಗೇ ಊರು ಮುಟ್ಟುವವರೆಗೆ ಬರೆದಿದ್ದೆ. ಕೊನೆಗೆ ಉಪಸಂಹಾರ: "ಆದ್ದರಿಂದ ಸ್ತ್ರೀಯರಿಗೆ ವಿದ್ಯೆ ಅತ್ಯಾವಶ್ಯಕವಾಗಿದೆ. ವಿದ್ಯೆಯಿಲ್ಲದವರು ಪಶುವಿಗೆ ಸಮಾನರು. ನಮ್ಮ ಸರಕಾರವು ಈ ದಿಶೆಯಲ್ಲಿ ಶ್ಲಾಘನೀಯ ಕಾರ್ಯ ಮಾಡುತ್ತಿದೆ."

ಇವರು ರಸ್ತೆ ನೋಡುತ್ತ ಕೂತಿದ್ದರು. "ಆ ಟ್ರಂಕು," ಎಂದರು. "ನಮ್ಮ ಮದುವೆಗೆ ಹೇಳಿಯೇ ತಿರುಗಿ ಬಂದಿದ್ದಾ?"

"ಹೌದು."

"ನೀನೇ ಓದು ಸಾಕು ಮಾಡಿದ್ದು ಹೇಳಿ ನಿನ್ನ ಅಪ್ಪಯ್ಯ ಹೇಳಿದ್ದ."

ಒಂದು ಲಾರಿ ಹೋಯಿತು. ಕಿಟಕಿ ನಡುಗಿ ಸುಮ್ಮನಾಯಿತು. ನನ್ನ ಹಾಳು ಮನಸ್ಸು ಆಗಲೂ ಹಿಂದಿನ ವರ್ಷದ ಆ ಲೆಕ್ಕವನ್ನು ಬಿಡಲಿಲ್ಲ. "ನಿಂಗ ಆದ್ರೆ ಇಪ್ಪತ್ತಕ್ಕೆ ಎಷ್ಟು?" ಎಂದು ಕೇಳಿಯೇ ಬಿಟ್ಟೆ.

ಅವರು ಮೂವತ್ಮೂರರ ಪೇಪರು ಸಿಕ್ಕಾಗ ಯೋಚಿಸುವಷ್ಟೇ ಯೋಚಿಸಿದರು. "ಹದಿಮೂರು."

"ಹದಿಮೂರೇಯಾ?"

"ಕಡೇ ಪ್ಯಾರಾ ಎಲ್ಲಾ ಹಾಳು ಮಾಡಿತು. ಅಷ್ಟು ಹೊತ್ತು ಟ್ರಂಕು ಹಿಡಕಂಡು ಕೂತ ಕೂಸು ಒಮ್ಮೆಲೇ ಎದ್ದು ಭಾಷಣ ಮಾಡ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಉಪಸಂಹಾರ ಬಿಡಡ ಹೇಳಿ ವರ್ಷಪೂರ್ತಿ ಹೇಳಿದ್ದು ಯಾರು?"

"ಅದು ಮಾರ್ಕಿಗೆ ಹೇಳಿದ್ದು," ಎಂದರು. "ನೀ ಈಗ ಕೇಳಿದ್ದು ಆನು ಎಷ್ಟು ಕೊಡ್ತೆ ಹೇಳಿ."

ನಾನು ಎದ್ದು ಒಳಗೆ ಹೊರಟೆ. ಹೆಂಡತಿಯೆಂದು ಒಂದು ಮಾರ್ಕು ಹೆಚ್ಚು ಕೊಡದ ಮನುಷ್ಯನಿಗೆ ಸಂಜೆಯ ಚಾ ಯಾಕೆ ಮಾಡಬೇಕು ಎನಿಸಿತ್ತು. ಇವರು ಸೆರಗಿನ ತುದಿ ಹಿಡಿದರು. ರಸ್ತೆಗೆ ಕಾಣುವ ಜಗಲಿಯಲ್ಲಿ ಅವರು ಹಾಗೆ ಮಾಡಿದ್ದು ಅದೊಂದೇ ಸಲ.

"ಕೂರು. ಮತ್ತೊಂದು ಸಲ ಹೇಳು. ಕಡೇ ಪ್ಯಾರಾ ಬಿಟ್ಟು."

ಕೂತೆ. ಮೊದಲಿನಿಂದ ಹೇಳಿದೆ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದರು. ಬಸ್ಸು ಊರು ಮುಟ್ಟಿದಲ್ಲಿಗೆ ನಿಲ್ಲಿಸಿದೆ. ಅವರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಎಷ್ಟು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.